ದೋಣಿಯ ತಳದಲ್ಲಿ ಪೆಟ್ರೋಲು

ನನಗೆ ಈಜು ಬರುವುದಿಲ್ಲ. ಆ ದಿನ ದೋಣಿ ಹತ್ತುವಾಗ ನನಗಿದ್ದದ್ದು ನೀರಿನ ಹೆದರಿಕೆ ಮಾತ್ರ.

ಪುಣೆಯ ಬಿಬವೇವಾಡಿಯಲ್ಲಿ ಅಪ್ಪ ಹಾಕಿದ ಗ್ಯಾರೇಜನ್ನು ಈಗ ಅಣ್ಣ ತಂಗಿ ನಾವಿಬ್ಬರೂ ನಡೆಸುತ್ತೇವೆ. ಹಳೆಯ ಪೆಟ್ರೋಲ್ ಇಂಜಿನ್ ಇಳಿಸುವುದು, ಕಟ್ಟುವುದು ಅಣ್ಣನ ಕೆಲಸ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಪೆಟ್ರೋಲು ಗಾಳಿಗಳ ಹದ ಕೂಡಿಸುವುದು ನನ್ನದು. ನಮ್ಮ ಬಳಿಗೆ ಬರುವುದೆಲ್ಲ ಜೀಪು, ಹಳೆಯ ಕಾರು. ದೋಣಿಯ ಇಂಜಿನ್ ಬಂದದ್ದು ಅದೇ ಮೊದಲು.

ತಂದವರು ಬೆಳಗಾವಿ ಕಡೆಯ ಹಿರಿಯರು. ಪುಣೆಯಲ್ಲೇ ನೌಕರಿ ಮುಗಿಸಿದವರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಲೋಣಾವಳಾದ ಆಚೆ ಪವನಾ ಜಲಾಶಯದ ದಂಡೆಯಲ್ಲಿ ಅವರದೊಂದು ಕಟ್ಟಿಗೆಯ ದೋಣಿ ಇತ್ತು. ವಯಸ್ಸಾದ ಇಂಜಿನ್, ವಯಸ್ಸಾದ ದೋಣಿ. ಎಷ್ಟು ಒತ್ತಿದರೂ ಮೂತಿ ಮೇಲೆತ್ತಿ ನೀರು ಉಳುತ್ತ ಹೋಗುತ್ತಿತ್ತೇ ಹೊರತು ಓಡುತ್ತಿರಲಿಲ್ಲ.

"ಮೊದಲಿನ್ಹಂಗ ನೀರ ಮ್ಯಾಲ ಎದ್ದು ಓಡಬೇಕು ನೋಡ್ರಿ. ಸೂಪರ್‌ಚಾರ್ಜರ್ ಕೂಡಿಸ್ರಿ," ಅಂದರು. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಒಳಗೆ ಹೆಚ್ಚು ಗಾಳಿ ತುರುಕುವ ಯಂತ್ರ ಅದು. ಎಲ್ಲಿಂದಲೋ ಹುಡುಕಿ ಒಂದನ್ನು ತಂದೇ ಇದ್ದರು. ಅಣ್ಣನ ಕಣ್ಣುಗಳು ಅರಳಿದವು.

ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು ಬೇಕು, ಅಂದರೆ ದೊಡ್ಡ ಕಾರ್ಬ್ಯುರೇಟರ್ ಬೇಕು. ದೋಣಿಯ ಕಾರ್ಬ್ಯುರೇಟರೇ ಬೇರೆ ಜಾತಿಯದು. ಅದು ಉಕ್ಕಿದರೆ ಪೆಟ್ರೋಲು ತಿರುಗಿ ಇಂಜಿನ್ನಿನ ಗಂಟಲಿಗೇ ಬೀಳುತ್ತದೆ. ಕಾರಿನದು ಉಕ್ಕಿದರೆ ಹೊರಗೆ ಚೆಲ್ಲುತ್ತದೆ. ರಸ್ತೆಯ ಮೇಲೆ ಚೆಲ್ಲಿದ್ದು ಗಾಳಿಗೆ ಹಾರಿಹೋಗುತ್ತದೆ. ದೋಣಿಯಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ, ತಳದಲ್ಲಿ ಕೂತುಬಿಡುತ್ತದೆ. ಸರಿಯಾದದ್ದನ್ನು ತರಿಸಲು ಹೇಳಿದ್ದೆವು, ಬಂದಿರಲಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಒಮ್ಮೆ ನೀರಿಗಿಳಿಸಿ ನೋಡಬೇಕೆಂದು ಕಾಕಾ ಅವಸರ ಮಾಡಿದರು. ಅಣ್ಣ ಗ್ಯಾರೇಜಿನಲ್ಲಿದ್ದ ದೊಡ್ಡ ಕಾರಿನ ಕಾರ್ಬ್ಯುರೇಟರನ್ನೇ ಕೂಡಿಸಲು ಎತ್ತಿಕೊಂಡ.

"ಬ್ಯಾಡಣ್ಣಾ, ಇದು ಕಾರಿಂದು," ಅಂದೆ.

"ಟ್ರಯಲ್ ಅಷ್ಟ ಅದ. ಒಂದು ಸುತ್ತು ಹೊಡದು ಬರೂದು. ನೀನೂ ಬಾ, ನೀರ ಮ್ಯಾಲ ಲೋಡ್ ಬಿದ್ದಾಗ ಹದ ನೋಡಬೇಕಲ್ಲ."

ಬೆಳಗಿನ ಹೊತ್ತು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದದ್ದನ್ನೇ ಮತ್ತೆ ಬಿಗಿಯುತ್ತ ಇಂಜಿನ್ನಿನ ಮುಚ್ಚಳದ ಪಕ್ಕ ಕೂತೆ. ಕಾಕಾ ಥ್ರಾಟಲ್ ಒತ್ತುತ್ತಿದ್ದಂತೆ ಸೂಪರ್‌ಚಾರ್ಜರಿನ ಸಿಳ್ಳು ಏರಿತು. ಮೂತಿ ಎದ್ದಿತು, ಆಮೇಲೆ ಇಳಿಯಿತು, ದೋಣಿ ನೀರಿನ ಮೇಲೆ ಹಾರತೊಡಗಿತು. ಪ್ರತಿ ಅಲೆಗೂ ತಳ ನೆಲಕ್ಕೆ ಬಡಿದ ಹಾಗೆ ಸದ್ದು. ಕಾಕಾ ಜೋರಾಗಿ ನಗುತ್ತಿದ್ದರು. ದಂಡೆಯ ಟೆಂಟುಗಳು ಸಣ್ಣ ಸಣ್ಣ ಚುಕ್ಕಿಗಳಾದವು. ನಡುನೀರಿನಲ್ಲಿ ಇಂಜಿನ್ ಕೆಮ್ಮಿತು, ಕರಿ ಹೊಗೆ ಉಗುಳಿತು, ನಿಂತೇಹೋಯಿತು.

ಆ ಸದ್ದಿಲ್ಲದ ಹೊತ್ತಿನಲ್ಲಿ ವಾಸನೆ ಬಂತು.

ಮುಚ್ಚಳ ಎತ್ತಿದೆ. ಕಾರ್ಬ್ಯುರೇಟರಿನ ಮೈಯೆಲ್ಲ ಒದ್ದೆ. ಬಡಿತಕ್ಕೆ, ಪೆಟ್ರೋಲನ್ನು ತಡೆಯುವ ಒಳಗಿನ ಸೂಜಿ ಸಿಕ್ಕಿಕೊಂಡು ಪೆಟ್ರೋಲು ಉಕ್ಕಿತ್ತು. ತಳದಲ್ಲಿ ನಿಂತ ನೀರಿನ ಮೇಲೆ ಬಣ್ಣಬಣ್ಣದ ಪದರ ಅಲುಗಾಡುತ್ತಿತ್ತು. ಹಿಂದೆ ಕಾಕಾರ ಕೈ ಕೀಲಿಯ ಮೇಲೆ ಹೋದದ್ದು ಕಂಡಿತು.

"ಮುಟ್ಟಬ್ಯಾಡ್ರೀ!" ಅಂತ ಚೀರಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಕಿಡಿ ಬಿತ್ತಂದ್ರ ಮೂರೂ ಮಂದಿ ಹೋಗ್ತೀವಿ!"

ಕಾಕಾ ಕೈ ಹಿಂದೆಳೆದುಕೊಂಡರು. ಅಣ್ಣ ಬಗ್ಗಿ ನೋಡಿದ, ಅವನ ಮುಖ ಬಿಳಚಿಕೊಂಡಿತು. ಬ್ಯಾಟರಿಯ ವೈರು ಬಿಚ್ಚಲು ಪಾನಾ ಎತ್ತಿಕೊಂಡ, ಅಲ್ಲಿಯೂ ಕಿಡಿ ಹಾರಬಹುದೆಂದು ಹೊಳೆದು ಮೆಲ್ಲಗೆ ಕೆಳಗಿಟ್ಟ. ಅಷ್ಟರಲ್ಲಿ ಕಾಕಾ ಬಹಳ ಸಣ್ಣ ದನಿಯಲ್ಲಿ ಹೇಳಿದರು:

"ಕೆಳಗ ನೀರು ಏರಿದ್ರ ಪಂಪು ತಾನಾ ಚಾಲೂ ಆಗ್ತದ."

ಅದೊಂದು ಹಳೆಯ ಪಂಪು. ತಳದಲ್ಲಿ ನೀರು ಹೆಚ್ಚಾದರೆ ತೇಲುವ ಪ್ಲಾಸ್ಟಿಕ್ಕಿನ ಸ್ವಿಚ್ಚು ಮೇಲೇಳುತ್ತದೆ, ಪಂಪು ಹೊರಗೆಸೆಯುತ್ತದೆ. ವೈರು ನೇರ ಬ್ಯಾಟರಿಗೆ, ಬಂದ್ ಮಾಡುವ ಬೇರೆ ಗುಂಡಿಯೇ ಇಲ್ಲ. ಬಡಿತಕ್ಕೆ ಹಲಗೆಗಳ ಸಂದು ಸಡಿಲಾಗಿ ನೀರು ಒಸರುತ್ತಿತ್ತು. ಸ್ವಿಚ್ಚು ಅರ್ಧ ಎದ್ದೇ ಇತ್ತು. ಪೂರ್ತಿ ಎದ್ದರೆ ಪೆಟ್ರೋಲಿನ ನಡುವೆಯೇ ಕಿಡಿ.

ಯೋಚಿಸಲಿಲ್ಲ. ಬೋರಲು ಮಲಗಿ, ಹೆಗಲವರೆಗೂ ಕೈ ಇಳಿಬಿಟ್ಟು, ಆ ಸ್ವಿಚ್ಚನ್ನು ಕೆಳಗೆ ಒತ್ತಿ ಹಿಡಿದೆ. ಅಲ್ಲಿಗೆ ಮುಟ್ಟುವಷ್ಟು ಸಣ್ಣ ಕೈ ನನ್ನದೊಂದೇ. ಪೆಟ್ರೋಲು ತಣ್ಣಗೆ ತಾಗಿತು, ಸ್ವಲ್ಪ ಹೊತ್ತಿಗೆ ಉರಿಯತೊಡಗಿತು.

"ಬಿಡಬ್ಯಾಡ ತಂಗೀ," ಅಂದ ಅಣ್ಣ. ಇದ್ದ ಒಂದೇ ಹುಟ್ಟನ್ನು ತಾನು ಹಿಡಿದ, ಕಾಕಾ ಕೂರುವ ಹಲಗೆಯನ್ನೇ ಕಿತ್ತುಕೊಂಡು ನೀರು ತಳ್ಳಿದರು. ದೋಣಿ ಒಂದಿಷ್ಟು ಮುಂದೆ, ಒಂದಿಷ್ಟು ಅಡ್ಡ ಹೋಗುತ್ತಿತ್ತು. ಬೆರಳುಗಳ ಕೆಳಗೆ ಆ ಸ್ವಿಚ್ಚು ಜೀವವಿದ್ದ ಹಾಗೆ ಮೇಲಕ್ಕೆ ಒತ್ತುತ್ತಿತ್ತು. ತಲೆ ತಿರುಗಿ ವಾಂತಿ ಬರುವಂತಾಗುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರೆಳೆದುಕೊಳ್ಳುವಾಗೆಲ್ಲ ಕೈ ಜಾರೀತು ಅನ್ನಿಸುತ್ತಿತ್ತು. ಮಗಳಿಗೆ ಡಬ್ಬಿ ಕಟ್ಟಿ ಬಂದಿದ್ದೆ. ಅದರಲ್ಲಿ ಉಪ್ಪಿನಕಾಯಿ ಹಾಕಿದ್ದೆನೋ ಇಲ್ಲವೋ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ಇನ್ನೊಂದು ಮೋಟಾರಿನ ಸದ್ದು. ನಮಗೆ ನೆರವಾಗಲು ದಂಡೆಯಿಂದ ಒಂದು ದೋಣಿ ಹೊರಟಿತ್ತು. ಅಣ್ಣ ಎದ್ದು ನಿಂತು ಎರಡೂ ಕೈ ಬೀಸಿದ. "ಜವಳ ಯೇಊ ನಕಾ! ಪೆಟ್ರೋಲ್ ಆಹೇ!" ಹತ್ತಿರ ಬರಬೇಡಿ ಅಂತ ಮರಾಠಿಯಲ್ಲಿ ಕೂಗಿ ಕೂಗಿ ಅವನ ಗಂಟಲು ಹರಿಯಿತು. ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ. ನಾನು ಕಣ್ಣು ಮುಚ್ಚಿದೆ. ಆಮೇಲೆ ಅದು ದೂರದಲ್ಲೇ ನಿಂತಿತು.

ಕೊನೆಗೆ ದಂಡೆಯ ಹತ್ತಿರ ದೋಣಿಯ ತಳ ಕೆಸರಿಗೆ ತಾಗಿತು. ಕಾಕಾ ಮೊದಲು ಇಳಿದರು, ತೊಡೆಮಟ್ಟ ನೀರು. "ಇಳಿಯವ್ವಾ, ನಾ ಹಿಡೀತೀನಿ," ಅಂದರು. ಕೈ ಬಿಟ್ಟರೆ ಸ್ವಿಚ್ಚು ಏಳುತ್ತದೆ. ಅಣ್ಣ ಜಾಕೆಟ್ಟುಗಳನ್ನು ಸುತ್ತಿ ನನ್ನ ಕೈಯ ಪಕ್ಕದಿಂದ ಸ್ವಿಚ್ಚಿನ ಮೇಲೆ ತುರುಕಿ, ಪಾನಾದ ಚೀಲವನ್ನು ಅವುಗಳ ಮೇಲೆ ಹೇರಿದ. ಮೆಲ್ಲಗೆ, ಒಂದೊಂದೇ ಬೆರಳು ತೆಗೆದೆ. ಏಳಲಿಲ್ಲ. ನಾನು ನೀರಿಗೆ ಬಿದ್ದೆ, ಹಾರಿದೆ ಅನ್ನಲು ಬರುವುದಿಲ್ಲ. ಕಾಕಾ ನನ್ನ ರಟ್ಟೆ ಹಿಡಿದು ದಂಡೆಗೆ ಎಳೆದರು. ದೂರ ಹೋಗಿ ಮೂವರೂ ಹುಲ್ಲಿನ ಮೇಲೆ ಕೂತೆವು. ಮುಚ್ಚಳ ತೆರೆದ ದೋಣಿಯನ್ನು ಗಾಳಿಗೆ ಬಿಟ್ಟು, ಮಧ್ಯಾಹ್ನದ ಮೇಲೆ ಅಣ್ಣ ಹೋಗಿ ವಾಸನೆ ನೋಡಿ ಬ್ಯಾಟರಿ ಬಿಚ್ಚಿದ.

ನನ್ನ ತೋಳಿನ ಚರ್ಮ ಬೊಬ್ಬೆಯೆದ್ದು ಸುಲಿಯಿತು. ಪುಣೆಗೆ ತಿರುಗಿ ಬರುವಾಗ ತಳೇಗಾಂವ ದಾಟುವವರೆಗೂ ಅಣ್ಣ ಗಾಡಿ ಓಡಿಸಿದ. ಆಮೇಲೆ ಗಾಡಿ ಬದಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಬಿಕ್ಕಿದ. ಇನ್ನೊಂದು ಕೈಯಿಂದ ಅವನ ಬೆನ್ನು ಸವರಿದೆ.

ದೋಣಿಯದೇ ಕಾರ್ಬ್ಯುರೇಟರ್ ಬಂದ ಮೇಲೆ ಕೂಡಿಸಿದೆವು. ಪಂಪು, ಸ್ವಿಚ್ಚು ಹೊಸದು ಹಾಕಿದೆವು, ತಳದ ಗಾಳಿಯನ್ನು ಹೊರಗೆಳೆಯುವ ಫ್ಯಾನೂ ಬಂತು. ಸಂದುಗಳನ್ನು ಕಾಕಾ ಮುಚ್ಚಿಸಿದರು. ಹದ ನೋಡಲು ಮತ್ತೆ ನಾನೇ ಹತ್ತಬೇಕಾಯಿತು. ಕೀಲಿ ತಿರುಗುವಾಗ ಕಿವಿ ಮುಚ್ಚಿಕೊಂಡೆ. ಇಂಜಿನ್ ಚೆನ್ನಾಗಿಯೇ ಓಡಿತು. ಕೆಲಸ ಮುಗಿದ ಕೂಡಲೇ, "ನನ್ನ ಇಳಿಸಿಬಿಡ್ರಿ," ಅಂದೆ. ಅವರಿಬ್ಬರೂ ಇನ್ನೊಂದು ಸುತ್ತು ಹೋದರು. ಅವರು ತಿರುಗಿ ಬರುವವರೆಗೂ ನಾನು ದಂಡೆಯಲ್ಲಿ ನಿಂತೇ ಇದ್ದೆ.