ಗಿಡ್ಡ ಕಂಬವನ್ನು ಪ್ರಶ್ನಿಸಿದ ನರ್ಸಮ್ಮ

ನರ್ಸಮ್ಮನ ಎರಡೂ ಮುಂಗೈಗಳ ಮೇಲೆ ಉಣುಗು ಕಚ್ಚಿದ ಕಪ್ಪು ಕಲೆಗಳಿದ್ದವು. ತುರಿಸಿ ತುರಿಸಿ ಕೆಲವು ಗಂಟು ಕಟ್ಟಿದ್ದವು. ಕ್ಯಾಸನೂರಿನ ಸುತ್ತಲ ಊರುಗಳಲ್ಲೇ ಅವರ ಸರ್ವಿಸು ಕಳೆಯಿತು. ಚಳಿಗಾಲ ಬಂತೆಂದರೆ, ಕಾಡಿಗೆ ತರಗೆಲೆ ಗುಡಿಸಲು ಹೊರಟ ಹೆಂಗಸರನ್ನು ದಾರಿಯಲ್ಲೇ ತಡೆದು, ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ ಹಚ್ಚಿಸಿ ಕಳಿಸುತ್ತಿದ್ದರು. ಬೇಡ ಅಂದವರ ಕಾಲನ್ನು ತಾವೇ ಹಿಡಿದು ಹಚ್ಚುತ್ತಿದ್ದರು.

ನಾನಾಗ ಶಿಕಾರಿಪುರದ ಒಂದು ಸೇವಾಸಂಸ್ಥೆಯಲ್ಲಿ ವರದಿ ತಯಾರಿಸುವವನು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ತಡೆಯುವ ನಮ್ಮ ಯೋಜನೆ ನೋಡಲು ದಾನಿಗಳು ಬರುವವರಿದ್ದರು. "ಕಾಯಿಲೆ ಇಳಿದಂಗೆ ಕಾಣ್ಬೇಕು ನೋಡ್ರಿ" ಎಂದರು ನಮ್ಮ ಮೇಲಿನವರು. ಹಿಂದಿನ ವರ್ಷಗಳಿಗೆ ಹನ್ನೆರಡು ತಿಂಗಳ ರೋಗಿಗಳ ಎಣಿಕೆ, ಈ ವರ್ಷಕ್ಕೆ ಜನವರಿ ಒಂದೇ ತಿಂಗಳದ್ದು. ವರದಿಯ ಚಿತ್ರದಲ್ಲಿ ಎರಡನ್ನೂ ಪಕ್ಕಪಕ್ಕ ಕಂಬಗಳಾಗಿ ನಿಲ್ಲಿಸಿದೆ. ಕೊನೆಯ ಗಿಡ್ಡ ಕಂಬಕ್ಕೆ ಹಸಿರು ಬಣ್ಣವನ್ನೂ ಕೊಟ್ಟೆ. ಅಂಕಿಗಳೆಲ್ಲ ನಿಜ, ಚಿತ್ರ ಮಾತ್ರ ಹಸಿ ಸುಳ್ಳು.

ಸೊರಬದ ಸಭೆಯಲ್ಲಿ ಅದು ಪರದೆಯ ಮೇಲೆ ಮೂಡಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ನರ್ಸಮ್ಮ ಎದ್ದರು.

"ಆ ಕೊನೇ ಕಂಬ ಎಷ್ಟು ತಿಂಗಳದ್ದು ರೀ?"

"ಈ ವರ್ಷದ್ದು ಸಿಸ್ಟರ್" ಎಂದರು ಮೇಲಿನವರು.

"ವರ್ಷ ಹುಟ್ಟಿ ಒಂದು ತಿಂಗಳಾಯ್ತು ಅಷ್ಟೆ. ಕಾಯಿಲೆ ಜೋರಾಗೋದೇ ಇನ್ಮೇಲೆ. ಇದನ್ನ ನೋಡಿದ ಹೆಂಗಸ್ರು ಎಣ್ಣೆ ಹಚ್ಕೊಳ್ತಾರಾ?"

"ಆಮೇಲೆ ಮಾತಾಡೋಣ, ಕೂತ್ಕೊಳ್ಳಿ."

ನಾನು ಪರದೆಯ ಮೇಲೆ ಮುಂದಿನ ಚಿತ್ರ ತಂದೆ.

ಆ ಚಿತ್ರವನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ ಊರೂರಿನ ಬಸ್ ನಿಲ್ದಾಣದಲ್ಲಿ ಕಟ್ಟಿದರು. ಮಾರ್ಚ್ ತಿಂಗಳಲ್ಲಿ ನರ್ಸಮ್ಮ ಎರಡು ಬಸ್ಸು ಬದಲಿಸಿ ನನ್ನ ಮೇಜಿನ ಮುಂದೆ ಬಂದು ನಿಂತರು. ಎಣ್ಣೆ ಹಚ್ಚಲು ಹೋದಾಗ ಒಬ್ಬಾಕೆ, "ಕಾಯಿಲೆ ಹೋಯ್ತಂತಲ್ಲಮ್ಮ, ಬೋರ್ಡಲ್ಲೇ ಹಾಕಿದಾರೆ" ಎಂದು ಕೈ ಕೊಡವಿಕೊಂಡು ಕಾಡಿಗೆ ಹೋಗಿದ್ದಳಂತೆ. ಜ್ವರ ಬಂತು, ಸತ್ತಳು.

"ಬರ್ಕೋ" ಎಂದರು ನರ್ಸಮ್ಮ. "ಎಲ್ಲಾ ವರ್ಷದ್ದೂ ಜನವರಿ, ಫೆಬ್ರವರಿ ಮಾತ್ರ."

ಬರೆದೆ. ಈ ವರ್ಷದ ಕಂಬವೇ ಎಲ್ಲಕ್ಕಿಂತ ಎತ್ತರ ನಿಂತಿತು.

"ಜ್ವರದವ್ರ ಮೈ ಮುಟ್ಟಿ ನಾನು ಬರೆದ ಅಂಕಿ ಕಣಪ್ಪ ಇವು. ಇವುಗಳ ಬಾಯಲ್ಲಿ ಸುಳ್ಳು ಹೇಳ್ಸಿದೆಯಲ್ಲ ನೀನು."

ಆ ಹಾಳೆಯ ಪ್ರತಿಗಳನ್ನು ಅವರ ಜೊತೆ ಹೋಗಿ ಬೋರ್ಡುಗಳ ಮೇಲೆ ಅಂಟಿಸಿ ಬಂದೆ. ವಾರದೊಳಗೆ ನನ್ನ ಕೆಲಸ ಹೋಯಿತು. ಸಂಸ್ಥೆಗೆ ಅದೇ ವರ್ಷ ಸನ್ಮಾನ, ಶಾಲು, ಹಾರ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹೇಳಿ ಬರೆಸಿದವರ ಮೇಲೆ ಎಷ್ಟೋ, ಬರೆದ ನನ್ನ ಮೇಲೂ ಅಷ್ಟೇ.

ಹೋದ ವರ್ಷ ನರ್ಸಮ್ಮ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಿದ್ದೆ. ಚಟ್ಟಕ್ಕೆ ಹೆಗಲು ಕೊಡಲು ನಿಂತಿದ್ದ ಒಬ್ಬನನ್ನು ತೋರಿಸಿ, ಆ ವರ್ಷ ಜ್ವರ ಬಂದು ಸತ್ತ ಹೆಂಗಸಿನ ಗಂಡ ಎಂದು ಯಾರೋ ಹೇಳಿದರು. ಅವನೇ ನನ್ನ ಬಳಿ ಬಂದ.

"ಇವ್ರಿಗೆ ನೀವು ಏನಾಗಬೇಕ್ರೀ?"

"ಇವರ ಹತ್ರ ಲೆಕ್ಕ ಕಲಿತವನು" ಎಂದೆ.

"ಹಂಗಾದ್ರೆ ಬನ್ನಿ, ನೀವೂ ಒಂದು ಕಡೆ ಹಿಡೀರಿ."

ಹೆಗಲು ಕೊಟ್ಟೆ. ಬಸ್ ನಿಲ್ದಾಣದ ಆ ಚಿತ್ರ ಬರೆದವನು ನಾನೇ ಎಂದು ಅವನಿಗೆ ಹೇಳಲು ದಾರಿಯುದ್ದಕ್ಕೂ ಬಾಯಿ ಬರಲಿಲ್ಲ.