ಉಚ್ಚಂಗೆಮ್ಮ ಟೈರು ಸವರಿ ಹೇಳಿದ್ದು

ಹಿರಿಯೂರಿನಲ್ಲಿ ಬೆಂಗಳೂರು ರಸ್ತೆಯ ಅಂಚಿಗೆ, ಒಂದು ಹೊಂಗೆಮರದ ಕೆಳಗೆ, ಕಾಟಲಿಂಗಪ್ಪನ ಟೈರ್ ಅಂಗಡಿ ಇತ್ತು. ಬೋರ್ಡಿನ ಮೇಲಿದ್ದದ್ದು ಅವನ ಹೆಸರು. ಕೆಲಸ ಮಾಡುತ್ತಿದ್ದವಳು ಅವನ ಹೆಂಡತಿ ಉಚ್ಚಂಗೆಮ್ಮ. ಲಾರಿಯ ಚಕ್ರ ಬಿಚ್ಚುವುದು, ಟ್ಯೂಬಿಗೆ ತೇಪೆ ಹಾಕುವುದು, ಗಾಳಿ ತುಂಬುವುದು ಎಲ್ಲ ಆಕೆಯೇ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಮೇಲೊಂದು ಗಂಡಸರ ಖಾಕಿ ಅಂಗಿ ತೊಟ್ಟು, ಆಳುದ್ದದ ಸಲಾಕೆ ಮೆಟ್ಟಿ ನಿಂತರೆ ಹೊಸದಾಗಿ ಬಂದ ಡ್ರೈವರುಗಳು ಒಂದು ಗಳಿಗೆ ನಿಂತು ನೋಡುತ್ತಿದ್ದರು. ಎರಡನೇ ಸಲ ಬಂದವರು ನೋಡುತ್ತಿರಲಿಲ್ಲ. ಗಾಡಿ ಬಿಟ್ಟು ಟೀ ಕುಡಿಯಲು ಹೋಗುತ್ತಿದ್ದರು.

ಆಕೆ ಜವನಗೊಂಡನಹಳ್ಳಿ ಕಡೆಯವಳು, ಕುರಿ ಸಾಕುವ ಮನೆತನದ ಹೆಣ್ಣು. ಮದುವೆಯಾಗಿ ಬಂದಾಗ ಟೈರಿನ ಕೆಲಸ ಒಂದೂ ಗೊತ್ತಿರಲಿಲ್ಲ. ಅರವತ್ತೆಂಟನೇ ಇಸವಿಯಲ್ಲಿ ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಅದರ ಕಬ್ಬಿಣದ ಬಳೆ ಸಿಡಿದು ಕಾಟಲಿಂಗಪ್ಪನ ಎರಡೂ ಮುಂಗೈ ಮುರಿದವು. ಮೂಳೆ ಕೂಡಿಕೊಂಡಿತು, ಹಿಡಿತ ಮಾತ್ರ ಮರಳಲಿಲ್ಲ, ಬೆರಳುಗಳಿಗೆ ಸ್ಪರ್ಶವೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಂಗಡಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದರು. ಉಚ್ಚಂಗೆಮ್ಮ ಗಂಡನನ್ನು ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂರಿಸಿ, ನೀನು ಬಾಯಲ್ಲಿ ಹೇಳು, ನಾನು ಕೈಯಲ್ಲಿ ಮಾಡ್ತೀನಿ ಅಂದಳಂತೆ. ಹಾಗೇ ಎಂಟು ವರ್ಷ ನಡೆಯಿತು. ಅವನು ಹೇಳಿದಂತೆ ಆಕೆ ಮಾಡಿದಳು, ಗಿರಾಕಿಗಳ ಮುಂದೆ ಒಂದು ದಿನವೂ ಎದುರಾಡಲಿಲ್ಲ.

ನಾನು ಚಿತ್ರದುರ್ಗದ ವಕೀಲ ಮೂರ್ತಪ್ಪನವರ ಗುಮಾಸ್ತನಾಗಿದ್ದೆ. ಹನುಮಂತಯ್ಯ ಅಂದರೆ ಕೋರ್ಟಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಂಪು ಕಾರಿನ ಗುಮಾಸ್ತ ಅಂದರೆ ಎಲ್ಲರಿಗೂ ಗೊತ್ತು. ನಮ್ಮ ವಕೀಲರ ಆ ಕಾರು ಅಂಥದ್ದು. ಊರಿಗೆಲ್ಲ ಅದೊಂದೇ. ಎರಡೇ ಬಾಗಿಲು, ಮಡಚುವ ಬಟ್ಟೆಯ ಚಾವಣಿ, ನೆಲಕ್ಕೆ ಕವುಚಿಕೊಂಡಂಥ ಮೈ. ಗಣಿಯ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ಇವರಿಗೆ ಕೊಟ್ಟು ಹೋಗಿದ್ದು. ಸೋಮವಾರ ಹಿರಿಯೂರು, ಬುಧವಾರ ಹೊಳಲ್ಕೆರೆ, ಶುಕ್ರವಾರ ಹೊಸದುರ್ಗ ಅಂತ ಕಕ್ಷಿದಾರರ ಕೆಲಸಕ್ಕೆ ವಕೀಲರು ಅದನ್ನು ಓಡಿಸಿದರೆ ಬಸ್ಸುಗಳು ಹಿಂದೆ ಬೀಳುತ್ತಿದ್ದವು. ಪಕ್ಕದಲ್ಲಿ ಕಡತದ ಗಂಟು ತೊಡೆಯ ಮೇಲಿಟ್ಟುಕೊಂಡು ನಾನು.

ಆ ಕಾರಿಗೊಂದು ರೋಗ ಹತ್ತಿತು. ಬಲಗಡೆಯ ಹಿಂದಿನ ಟೈರು, ಅದೊಂದೇ, ಒಳಅಂಚಿನಲ್ಲಿ ಸವೆಯತೊಡಗಿತು. ಮಿಕ್ಕ ಮೂರು ಚೆನ್ನಾಗಿದ್ದರೂ ಆ ಒಂದು ಟೈರಿನ ಒಳಬದಿ ಎರಡೇ ತಿಂಗಳಲ್ಲಿ ಬೋಳಾಗಿ ನೂಲು ಕಾಣುತ್ತಿತ್ತು. ಆ ಅಳತೆಯ ಟೈರು ನಮ್ಮ ಕಡೆ ಸಿಗುತ್ತಿರಲಿಲ್ಲ. ಮುಂಬಯಿಗೆ ಕಾಗದ ಬರೆದು ತಿಂಗಳುಗಟ್ಟಲೆ ಕಾಯಬೇಕು. ದೊಡ್ಡ ಊರಿನ ಒಂದು ಹೆಸರಾಂತ ಗ್ಯಾರೇಜಿಗೆ ಎರಡು ಸಲ ಒಯ್ದೆವು. ಅವರು ಅಳೆದರು, ಅಳತೆಯ ಚೀಟಿ ಕೊಟ್ಟರು, ಎಲ್ಲ ಸರಿಯಿದೆ ಅಂದರು. ಕಡೆಗೆ ಅಲ್ಲಿನ ಫೋರ್‌ಮನ್, ಸಾರ್ ತಾವು ಜೋರಾಗಿ ಓಡಿಸ್ತೀರಿ, ನಿಮ್ಮ ರಸ್ತೆಗಳೂ ಕೆಟ್ಟದಾಗಿವೆ ಅಂದುಬಿಟ್ಟ. ವಕೀಲರಿಗೆ ಆ ಮಾತು ಹಿಡಿಸಲಿಲ್ಲ. ರಸ್ತೆ ಕೆಟ್ಟದಾಗಿದ್ದರೆ ನಾಲ್ಕೂ ಟೈರು ಸವೆಯಬೇಕಲ್ಲ ಎಂದು ಮಾರನೇ ದಿನ ಕೋರ್ಟಿನ ವರಾಂಡದಲ್ಲಿ ತಾವೇ ವಾದ ಮಾಡಿಕೊಳ್ಳುತ್ತಿದ್ದರು.

ಎಪ್ಪತ್ತಾರನೇ ಇಸವಿಯ ಶ್ರಾವಣದಲ್ಲಿ ಒಂದು ಸೋಮವಾರ ಹಿರಿಯೂರಿನ ಕೇಸು ಮುಂದಕ್ಕೆ ಹೋಯಿತು. ಬೇಗ ಹೊರಟೆವು. ಊರು ದಾಟುವ ಮೊದಲೇ ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿ ಕಾಟಲಿಂಗಪ್ಪನ ಅಂಗಡಿ ಮುಂದೆ ನಿಂತೆವು. ಉಚ್ಚಂಗೆಮ್ಮ ಅದಕ್ಕೆ ತೇಪೆ ಹಾಕಿ ಕೂರಿಸಿ, ಹೋಗುವವಳು ಹಾಗೇ ಹಿಂದಿನ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಒಮ್ಮೆ ಸವರಿದಳು. ಹೊರಗಿನಿಂದ ಒಳಕ್ಕೆ ಇನ್ನೊಮ್ಮೆ. ಎದ್ದು, ಈ ಚಕ್ರ ಓಡುವಾಗ ಮುಖ ಹೊರಕ್ಕೆ ತಿರುಗಿಸುತ್ತಿದೆ, ನೆಲಕ್ಕೆ ಉಜ್ಜಿಕೊಂಡು ಹೋಗುತ್ತಿದೆ ಅಂದಳು.

ವಕೀಲರು ಕಾರಿನಿಂದ ಇಳಿದರು. ಗ್ಯಾರೇಜಿನ ಚೀಟಿ ತೆಗೆದು ಓದಿ ಹೇಳಿದರು. ಕಾಟಲಿಂಗಪ್ಪನೂ ಕುರ್ಚಿಯಿಂದ ಎದ್ದು ಬಂದು, ದಾರ ಹಿಡಿದು ನೋಡಾಣ ಅಂದ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ದಾರ ಎಳೆದು ಕಟ್ಟಿಸಿ ಅವನು ಕಣ್ಣಳತೆಯಲ್ಲಿ ನೋಡುವುದು ಹೆದ್ದಾರಿಯಲ್ಲೆಲ್ಲ ಹೆಸರಾಗಿತ್ತು. ನಾನೂ ಬಗ್ಗಿ ನೋಡಿದೆ. ದಾರ ಹಿಂದಿನ ಚಕ್ರದ ಎರಡೂ ಅಂಚಿಗೆ ಸಮನಾಗಿ ತಾಗಿತ್ತು. ಚಕ್ರ ನೆಟ್ಟಗಿತ್ತು.

"ದಾರ ಸುಳ್ಳು ಹೇಳಲ್ಲ ಕಣೇ," ಅಂದ ಕಾಟಲಿಂಗಪ್ಪ.

ಆಕೆ ಆ ಟೈರನ್ನು ಇನ್ನೊಮ್ಮೆ ಸವರಿದಳು. ಗಂಡನ ಮುಖ ನೋಡಿದಳು, ಆಮೇಲೆ ನಮ್ಮನ್ನು.

"ದಾರ ನಿಂತಿರೋ ಗಾಡಿ ಸಂಗ್ತಿ ಹೇಳ್ತೈತೆ. ಟೈರು ಓಡಿ ಬಂದ ಗಾಡಿ ಸಂಗ್ತಿ ಹೇಳ್ತೈತೆ. ನನಗೆ ಟೈರಿನ ಮಾತೇ ದಿಟ ಅನ್ನಿಸ್ತೈತೆ."

ಕಾಟಲಿಂಗಪ್ಪ ಹೋಗಿ ಕುರ್ಚಿಯಲ್ಲಿ ಕೂತ. ಆ ಎಂಟು ವರ್ಷದಲ್ಲಿ ಆಕೆ ಗಿರಾಕಿಗಳ ಮುಂದೆ ಗಂಡನಿಗೆ ಎದುರಾಡಿದ್ದು ಅದೇ ಮೊದಲ ಸಲ ಎಂದು ನಮಗೆ ಆಗ ತಿಳಿದಿರಲಿಲ್ಲ. ಆಕೆಯ ಕಿವಿ ಕೆಂಪಾಗಿದ್ದು ಮಾತ್ರ ಕಂಡಿತು.

ವಕೀಲರಿಗೆ ಸಾಕ್ಷಿ ಬೇಕಿತ್ತು. ಸಾಕ್ಷಿದಾರರನ್ನು ಪ್ರಶ್ನಿಸುವ ದನಿಯಲ್ಲೇ, ಅದು ಹೇಗೆ ಗೊತ್ತಾಯಿತು ತಾಯಿ ಅಂದರು. ಆಕೆ ಅವರ ಕೈಯನ್ನೇ ಟೈರಿನ ಮೇಲೆ ಇಡಿಸಿದಳು. ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು. ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲಿನಂತೆ ಚುರುಚುರು. ನಾನೂ ಸವರಿದೆ. ಎರಡು ವರ್ಷದಿಂದ ಆ ಚಕ್ರಕ್ಕೆ ಹಾಕಿದ ಟೈರುಗಳನ್ನೆಲ್ಲ ನೋಡಿದ್ದೆವು, ಒಬ್ಬರೂ ಸವರಿರಲಿಲ್ಲ. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಮಧ್ಯ ಸವೆಯುತ್ತದೆ, ಈ ಗರಗಸ ಬರುವುದು ಚಕ್ರ ಅಡ್ಡಕ್ಕೆ ಎಳೆದಾಡಿದಾಗ ಮಾತ್ರ ಎಂದು ಆಕೆ ವಿವರಿಸಿದಳು. ನಿಂತಾಗ ನೆಟ್ಟಗಿರುವುದು ಓಡುವಾಗ ತಿರುಗುತ್ತದೆ ಅಂದರೆ ಒಳಗೆ ಏನೋ ಸಡಿಲವಿದೆ.

ಆಮೇಲೆ ಆಕೆ ಆ ಚಕ್ರದ ಮುಂದೆ ಒಂದು ಕಲ್ಲು ಕೊಟ್ಟಳು. ದಾರವನ್ನು ಹಾಗೇ ಇಟ್ಟುಕೊಂಡು, ನೀವಿಬ್ಬರೂ ಹಿಂದಿನಿಂದ ಗಾಡಿ ನೂಕ್ರಿ ಅಂದಳು. ಕರಿಕೋಟು ತೊಟ್ಟ ವಕೀಲರೂ ನಾನೂ ಹೆಗಲು ಕೊಟ್ಟು ನೂಕಿದೆವು. ಕಲ್ಲು ಚಕ್ರವನ್ನು ತಡೆದು ಹಿಡಿದಿತ್ತು, ಕಾರಿನ ಮೈ ಮಾತ್ರ ಮುಂದಕ್ಕೆ ಜಗ್ಗಿತು. ನೂಕುತ್ತಲೇ ಇರ್ರಿ ಎಂದು ಆಕೆ ಅನ್ನುತ್ತಿದ್ದಾಗ ಕಾಟಲಿಂಗಪ್ಪ ಮತ್ತೆ ಎದ್ದು ಬಂದ. ಬಗ್ಗಿದ. ಚಕ್ರದ ಹಿಂದಿನ ಅಂಚು ದಾರ ಬಿಟ್ಟು ಅರ್ಧ ಬೆರಳಿನಷ್ಟು ಒಳಕ್ಕೆ ಸರಿದಿತ್ತು, ಮುಂದಿನ ಅಂಚು ದಾರವನ್ನು ಹೊರಕ್ಕೆ ಒತ್ತಿತ್ತು. ನಾವು ಕೈಬಿಟ್ಟ ಕೂಡಲೇ ಚಕ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗಾಯಿತು. ಅವನು ಮೂರು ಸಲ ನೂಕಿಸಿ ಮೂರು ಸಲ ನೋಡಿದ.

"ನೀನು ಹೇಳಿದ್ದೇ ಸರಿ," ಅಂದ. ಅಷ್ಟನ್ನು ನಮ್ಮೆಲ್ಲರ ಎದುರಿಗೇ, ಗಟ್ಟಿಯಾಗಿ ಅಂದ.

ಉಚ್ಚಂಗೆಮ್ಮ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ತೂರಿದಳು. ಆ ಕಾರಿನ ಹಿಂದಿನ ಎರಡು ಚಕ್ರಗಳು ಬೇರೆಬೇರೆಯಾಗಿ ಕುಣಿಯುವಂಥವು. ಒಂದೊಂದು ಚಕ್ರವನ್ನೂ ಕಾರಿನ ಮೈಗೆ ಬಿಗಿಹಿಡಿಯುವ ಒಂದೊಂದು ಕಬ್ಬಿಣದ ತೋಳು, ಅದರ ತುದಿಯಲ್ಲಿ ತೋಳು ಅಲುಗದಂತೆ ಕಚ್ಚಿಹಿಡಿಯುವ ರಬ್ಬರಿನ ಬಳೆ, ಅದಕ್ಕೆ ಬುಶ್ಶು ಅನ್ನುತ್ತಾರೆ. ಬಲಗಡೆಯದಕ್ಕೆ ಮಣ್ಣು, ಎಣ್ಣೆ ಮೆತ್ತಿಕೊಂಡು ನೋಡುವುದಕ್ಕೆ ಗಟ್ಟಿಯಾಗಿ ಕಾಣುತ್ತಿತ್ತು. ಕೆರೆದರೆ ಒಳಗೆ ರಬ್ಬರೇ ಇಲ್ಲ, ಹುಡಿಯಾಗಿ ಉದುರಿತು. ವಕೀಲರು ಬ್ರೇಕು ಒತ್ತಿದಾಗಲೆಲ್ಲ, ಗುಂಡಿಗೆ ಬಿದ್ದಾಗಲೆಲ್ಲ ಆ ಚಕ್ರ ಹಿಂದಕ್ಕೆ ಸರಿದು ಮುಖ ತಿರುಗಿಸುತ್ತಿತ್ತು.

ಹೊಸ ಬುಶ್ಶು ಎಲ್ಲಿಂದ ತರುವುದು? ಅದನ್ನು ಮಾಡಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಹಳೆಯ ಲಾರಿ ಟೈರುಗಳ ರಾಶಿಯ ಮುಂದೆ ನಿಂತು ಮಾತಾಡಿಕೊಂಡರು. ಯಾವ ಟೈರಿನ ಯಾವ ಭಾಗ ಗಟ್ಟಿ ಎಂಬುದು ಕಾಟಲಿಂಗಪ್ಪನಿಗೆ ಗೊತ್ತಿತ್ತು, ಮೊಣಕೈಯಿಂದ ತೋರಿಸಿದ. ಆಕೆ ನೀರು ಸವರಿದ ಚಾಕುವಿನಿಂದ ನೂಲಿನ ಪದರ ಸಮೇತ ಕೊಯ್ದು, ಕೊರೆದು, ಉಜ್ಜಿ, ತೂರಿಸಿ ನೋಡಿ, ಮತ್ತೆ ತೆಗೆದು ಉಜ್ಜಿದಳು. ಮೊದಲನೆಯದು ಸಡಿಲಾಯಿತು, ಎಸೆದಳು. ಎರಡನೆಯದು ಕೂರಲಿಕ್ಕೆ ಸಂಜೆ ನಾಲ್ಕಾಯಿತು. ಮತ್ತೆ ಕಲ್ಲು ಕೊಟ್ಟು ನೂಕಿಸಿದಳು. ದಾರ ಅಲುಗಲಿಲ್ಲ.

ವಕೀಲರು ತಮ್ಮಲ್ಲಿದ್ದ ಕೊನೆಯ ಹೊಸ ಟೈರನ್ನು ಆ ಚಕ್ರಕ್ಕೆ ಹಾಕಿಸಿದರು. ಪ್ರತಿ ಸೋಮವಾರ ಅಂಗೈಯಲ್ಲಿ ಸವರಿ ನೋಡುವ ಕೆಲಸವನ್ನು ಉಚ್ಚಂಗೆಮ್ಮ ನನಗೆ ಒಪ್ಪಿಸಿದಳು. ದೀಪಾವಳಿ ಕಳೆಯಿತು, ಸಂಕ್ರಾಂತಿ ಬಂತು. ಹೊಳಲ್ಕೆರೆ, ಬಿ.ದುರ್ಗ, ಹೊಸದುರ್ಗ, ಮಾರಿಕಣಿವೆಯ ತಿರುವು ಎಲ್ಲ ಸುತ್ತಿದೆವು, ವಕೀಲರು ಓಡಿಸುವ ಜೋರು ಒಂದಿಷ್ಟೂ ಕಡಿಮೆಯಾಗಲಿಲ್ಲ. ಟೈರು ಯಾವ ಕಡೆಗೆ ಸವರಿದರೂ ನುಣುಪಾಗಿತ್ತು, ಅಂಚಿನಿಂದ ಅಂಚಿಗೆ ಸಮನಾಗಿತ್ತು. ಪ್ರತಿ ವಾರ ಹೋಗಿ ಹೇಳುವಾಗ ಆಕೆ ತಲೆಯಾಡಿಸಿ ಕೆಲಸಕ್ಕೆ ಬಗ್ಗುತ್ತಿದ್ದಳು, ಕಾಟಲಿಂಗಪ್ಪ ಮಾತ್ರ ಇನ್ನೊಂದು ಸಲ ಹೇಳ್ರಿ ಅನ್ನುತ್ತಿದ್ದ.

ವಕೀಲರು ಸುಮ್ಮನಿರುವವರಲ್ಲ. ಹಳೆಯ ಬುಶ್ಶಿನ ಹುಡಿಯನ್ನು ಲಕೋಟೆಯಲ್ಲಿ ಹಾಕಿ, ನಡೆದದ್ದನ್ನೆಲ್ಲ ಎರಡು ಪುಟ ಬರೆಸಿ ಆ ಗ್ಯಾರೇಜಿಗೆ ಕಳಿಸಿದರು. ಬರೆದವನು ನಾನೇ, ಅಂಗಡಿಯ ಹೆಸರನ್ನು ಮಾತ್ರ ಬೋರ್ಡಿನಲ್ಲಿದ್ದಂತೆ ಬರೆದಿದ್ದೆ. ಉತ್ತರ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಉತ್ತರದ ಬದಲು ಮಾಘಮಾಸದಲ್ಲಿ ಆ ಫೋರ್‌ಮನ್ನೇ ಬಸ್ಸಿಳಿದು ಹಿರಿಯೂರಿಗೆ ಬಂದ. ಸೋಮವಾರವಾದ್ದರಿಂದ ನಾವೂ ಇದ್ದೆವು. ಕಾಟಲಿಂಗಪ್ಪನಿಗೆ ಕೈಮುಗಿದು, ಮಿಸ್ತ್ರಿಗಳೇ, ಅದನ್ನು ಕಂಡುಹಿಡಿದ ಬಗೆ ನನಗೂ ತೋರಿಸಿ ಅಂದ.

ಕಾಟಲಿಂಗಪ್ಪ ಎದ್ದು ನಿಂತ. "ಮಿಸ್ತ್ರಿ ಲಾರಿ ಕೆಳಗೈದಾಳೆ. ಕುಂತ್ಕಳ್ರಿ, ಬರ್ತಾಳೆ," ಅಂದ.

ಅವನ ಮುಖದಲ್ಲಿ ಅವತ್ತು ಇದ್ದ ಬೀಗುವಿಕೆಯನ್ನು ಗೆದ್ದ ಕಕ್ಷಿದಾರರ ಮುಖದಲ್ಲೂ ನಾನು ಕಂಡಿಲ್ಲ. ಉಚ್ಚಂಗೆಮ್ಮ ಮಸಿ ಕೈಯಲ್ಲೇ ಹೊರಗೆ ಬಂದು, ಬಂದವನು ಯಾರೆಂದು ಕೇಳಿ ತಿಳಿದುಕೊಂಡಳು. ಚುಚ್ಚಿ ಮಾತಾಡಲಿಲ್ಲ. ಅವನ ಅಂಗೈ ಹಿಡಿದು ಒಂದು ಲಾರಿಯ ಸವೆದ ಟೈರಿನ ಮೇಲೆ ಇಡಿಸಿ, ಕಣ್ಣು ಮುಚ್ಕಂಡು ಸವರ್ರಿ ಅಂದಳು. ಆ ಮನುಷ್ಯ ಮಧ್ಯಾಹ್ನದವರೆಗೂ ಅಲ್ಲಿದ್ದ ನಾಲ್ಕಾರು ಲಾರಿಗಳ ಟೈರು ಸವರಿ, ಒಂದೊಂದಕ್ಕೂ ಏನು ರೋಗ ಎಂದು ಹೇಳಿ, ಆಕೆಯಿಂದ ಹೌದು ಅಲ್ಲ ಅನ್ನಿಸಿಕೊಂಡ. ಊಟ ಅವರ ಮನೆಯಲ್ಲೇ ಆಯಿತು, ಮುದ್ದೆ ಮತ್ತು ಹುರುಳಿಸಾರು.

ಆ ಬೇಸಿಗೆಯಿಂದ ಅಂಗಡಿಯ ಮುಂದೆ ಕಾರುಗಳೂ ನಿಲ್ಲತೊಡಗಿದವು. ಶಿರಾದಿಂದ, ದಾವಣಗೆರೆಯಿಂದ ಸಹ ಜನ ಬರುತ್ತಿದ್ದರು. ಆಕೆ ಮೊದಲು ಸವರುತ್ತಿದ್ದಳು, ಆಮೇಲೆ ದಾರ ಕಟ್ಟಿ ಕಣ್ಣಳತೆ ನೋಡಲು ಗಂಡನನ್ನು ಕರೆಯುತ್ತಿದ್ದಳು, ಇಬ್ಬರದೂ ಒಂದೇ ಮಾತಾದ ಮೇಲೆಯೇ ಗಿರಾಕಿಗೆ ಹೇಳುತ್ತಿದ್ದಳು. ನಮ್ಮ ವಕೀಲರು ಎಪ್ಪತ್ತೊಂಬತ್ತರಲ್ಲಿ ಆ ಕಾರನ್ನು ಮಾರಿದರು. ಕೊಳ್ಳಲು ಬಂದವರು ಬಾಗಿ ಟೈರುಗಳನ್ನು ನೋಡಿ ಮೆಚ್ಚಿಕೊಂಡಾಗ, ಯಾರೂ ಕೇಳದಿದ್ದರೂ ನಾನೇ ಮುಂದೆ ಬಂದು ಉಚ್ಚಂಗೆಮ್ಮನ ಅಂಗಡಿಗೆ ಹೋಗುವ ದಾರಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.