ಕೆರೆಗೆ ಗೋಡೆ ಬೇಡ ಎಂದ ತಾಯಿ

ಸಭೆಯಲ್ಲಿ ಸುಮತಿಯಕ್ಕ ಎದ್ದು ನಿಂತರು. ಕ್ರೋಂಪೇಟೆಯ ನಮ್ಮ ಕೆರೆಯಂಚಿನಲ್ಲಿ ಉದ್ಯಾನ, ಸುತ್ತಲೂ ನಡಿಗೆಯ ದಾರಿ ಮಾಡಲು ನಗರಸಭೆಯವರು ಅನುದಾನ ಕೇಳುವವರಿದ್ದರು. ಮಕ್ಕಳಿಗೆ ಅಪಾಯ, ದಾರಿಯ ಬದಲು ಎತ್ತರದ ಗೋಡೆ ಕಟ್ಟಿಸಿ ಎಂದು ನಾನು ವಾದಿಸಿದ್ದೆ. ಹೋಟೆಲ್ ನಡೆಸುವ ಸುಮತಿಯಕ್ಕನ ಮಗ ಹಿಂದಿನ ವರ್ಷ ಅದೇ ಕೆರೆಯಲ್ಲಿ ಮುಳುಗಿ ತೀರಿಕೊಂಡಿದ್ದ. ಅವರೂ ಗೋಡೆಯನ್ನೇ ಕೇಳುತ್ತಾರೆ ಅಂದುಕೊಂಡೆ.

“ಸುವರು ವೇಂಡಾಂ ಸಾರ್,” ಎಂದು ನಗರಸಭೆಯ ಅಧಿಕಾರಿಗೆ ತಮಿಳಿನಲ್ಲಿ ಹೇಳಿ ನನ್ನ ಕಡೆ ತಿರುಗಿದರು. “ಗೋಡೆ ಬೇಡ ಮಾರಾಯ್ರೆ, ದಾರಿಯೇ ಆಗಲಿ. ಅವತ್ತು ಅಲ್ಲಿ ನಡೆಯುವವರು ಒಬ್ರಾದ್ರೂ ಇದ್ದಿದ್ರೆ, ಅವನು ಕೂಗಿದ್ದು ಕೇಳ್ತಿತ್ತು.”

ಅನುದಾನ ಬಂತು, ದಾರಿಯೂ ಆಯಿತು. ಬೆಳಿಗ್ಗೆ ಅಲ್ಲಿ ನಡೆಯುವಾಗ ಜೊತೆಯವರು ಏನೇ ಮಾತಾಡುತ್ತಿರಲಿ, ನನ್ನ ಕಿವಿ ಮಾತ್ರ ನೀರಿನ ಕಡೆಗಿರುತ್ತದೆ.